ಸಂಪುಟವೂ ಸಂಕಲ್ಪವೂ

ಗೋಕರ್ಣದ ನೆಲವನ್ನು ಒಮ್ಮೆ ತಾಗಿದ ಆತ್ಮಲಿಂಗವು ಮತ್ತೆ ಮೇಲೇಳದಿರಲು, ಕುಪಿತನಾದ ರಾವಣನು ಅದರ ಹೊದಿಕೆಗಳನ್ನು ಕಿತ್ತು ದಿಕ್ಕುದಿಕ್ಕಿಗೆ ಎಸೆದನೆಂಬ ಸ್ಥಳಪುರಾಣವನ್ನು ನಮ್ಮ ಕರಾವಳಿಯಲ್ಲಿ ಅರಿಯದವರಿಲ್ಲ. ಸಂಪುಟವು ಕಾರವಾರದ ಕಡೆಯ ಸಜ್ಜೇಶ್ವರದಲ್ಲಿಯೂ, ಮುಚ್ಚಳವು ಹೊನ್ನಾವರ ಸೀಮೆಯ ಗುಣವಂತೆಯಲ್ಲಿಯೂ, ದಾರವು ಕುಮಟಾ ಸೀಮೆಯ ಧಾರೇಶ್ವರದಲ್ಲಿಯೂ, ವಸ್ತ್ರವು ಭಟ್ಕಳ ಸೀಮೆಯ ಮುರುಡೇಶ್ವರದಲ್ಲಿಯೂ ಬಿದ್ದುವೆಂಬುದು ಹೆಚ್ಚಾಗಿ ಕೇಳಿಬರುವ ಪಾಠ, ಬಿದ್ದೆಡೆಯೆಲ್ಲ ಕ್ಷೇತ್ರವಾಯಿತು. ವಸ್ತುವನ್ನು ಹೊತ್ತ ಕೋಶವೂ ಪೂಜ್ಯವಾಗಬಲ್ಲುದೆ ಎಂಬ ಜಿಜ್ಞಾಸೆಗೆ ಈ ಕಥೆಯು ಸಂಕೋಚವಿಲ್ಲದೆ ಹೌದೆನ್ನುತ್ತದೆ.

ಇಂದಿನ ಕ್ಲೌಡ್ ತಂತ್ರಜ್ಞರದು ತದ್ವಿರುದ್ಧವಾದ ಮತ. 2013ರಲ್ಲಿ ಡಾಕರ್ ಹೊರಬಂದ ಮೇಲೆ ಪ್ರಚುರವಾದ ಕಂಟೇನರಿನಲ್ಲಿ ತಂತ್ರಾಂಶವನ್ನು ಅದರ ಸಮಸ್ತ ಪರಿಕರಗಳೊಡನೆ ಕಟ್ಟಿಟ್ಟಿರುತ್ತಾರಾದರೂ, ಆ ಕಟ್ಟಿನ ಮೇಲೆ ಯಾರಿಗೂ ಮಮಕಾರವಿಲ್ಲ. ಇಂಥ ಕಂಟೇನರುಗಳನ್ನು ನಡೆಸಲೆಂದು ಮರುವರ್ಷ ಗೂಗಲ್ ಪ್ರಕಟಿಸಿದ ಕುಬರ್ನೆಟಿಸ್ ಬೇಡುವುದು ಒಂದು ಲಿಖಿತ ಸಂಕಲ್ಪವನ್ನು: ಇಂಥ ಇಮೇಜು, ಇಂಥ ಪೋರ್ಟು, ಇಷ್ಟು ಪ್ರತಿಗಳು ಎಂದು ಯಾಮಲ್ ಕಡತದಲ್ಲಿ ಬರೆದೊಪ್ಪಿಸಿದರಾಯಿತು. ‘ರೆಪ್ಲಿಕಾಸ್: 3’ ಎಂಬ ಸಾಲಿನಲ್ಲಿ ಮಾಡೆಂಬ ಆಜ್ಞೆಯೇ ಇಲ್ಲ; ಇರಬೇಕಾದ ಸ್ಥಿತಿಯಷ್ಟೇ ಉಂಟು. ಮೂರರಲ್ಲೊಂದು ಅಳಿದರೆ, ನಿಯಂತ್ರಕವು ಇರುವುದನ್ನೂ ಇರಬೇಕಾದುದನ್ನೂ ತಾಳೆನೋಡಿ ಬೇರೊಂದನ್ನು ಹುಟ್ಟಿಸುತ್ತದೆ. (ಸಾಲಿನ ಮೊದಲ ತೆರವು ಒಂದಕ್ಷರದಷ್ಟು ತಪ್ಪಿದರೂ ಆ ಕಡತದ ಅರ್ಥ ಕೆಡಬಹುದೆಂಬುದನ್ನು ಕಂಡವರು, ‘ಇಂದ್ರಶತ್ರು’ ಶಬ್ದದ ಸ್ವರ ತಪ್ಪಿ ಕೆಟ್ಟ ತ್ವಷ್ಟೃವಿನ ಕಥೆಗೆ ನಗಲಾರರು.)

ಹಾಗೆ ಹುಟ್ಟಿದುದು ಅಳಿದುದೇ ಆಯಿತೆ? ಜೀರ್ಣವಸ್ತ್ರವನ್ನು ಕಳೆದು ನೂತನವನ್ನುಡುವ ಗೀತೆಯ ದೇಹಿಯನ್ನು ಇಲ್ಲಿಗೆ ಕರೆತರುವುದು ನನಗೆ ಒಪ್ಪಿಗೆಯಲ್ಲ. ಅಲ್ಲಿ ಉಡುವವನೊಬ್ಬನಿದ್ದಾನೆ, ಇಲ್ಲಿಯೋ, ಕಂಟೇನರು ತನ್ನೊಳಗೇ ಬರೆದುಕೊಂಡುದೆಲ್ಲ ಅದರೊಡನೆಯೇ ನಶಿಸಿ, ಬಂದುದಕ್ಕೆ ಪೂರ್ವಸ್ಮೃತಿಯ ಲೇಶವೂ ಉಳಿಯದು. ಆದುದರಿಂದಲೇ ಬ್ಯಾಂಕಿನ ಲೆಕ್ಕದಂತಹ ದತ್ತಾಂಶವನ್ನು ಹೊರಗೆ ಬೇರೆ ಸಂಗ್ರಹದಲ್ಲಿ ನೆಲೆಗೊಳಿಸುತ್ತಾರೆ. ನೆಲೆಗೊಂಡು ಬೆಳೆದ ಬಳಿಕ ಅದನ್ನು ಬೇರೆಡೆಗೆ ಎತ್ತಿಕೊಂಡು ಹೋಗಹೊರಟವರಿಗೆ ರಾವಣನ ಪಾಡು ಅರ್ಥವಾದೀತು.

ದೇವತೆಗೆ ಶರೀರವಿಲ್ಲ, ಶಬ್ದವೇ ಪ್ರಧಾನವೆಂದ ಶಬರಸ್ವಾಮಿಯ ಮೀಮಾಂಸೆಯೇ, ಕಂಟೇನರು ಅಳಿದರೂ ಬರೆದ ಮಾತು ನಿಲ್ಲುವ ಈ ಲೋಕಕ್ಕೆ ಹೆಚ್ಚು ಸಮೀಪವೆಂದು ನನ್ನ ಎಣಿಕೆ. ಒಂದು ಭೇದವನ್ನು ಮಾತ್ರ ಮರೆಯಲಾಗದು. ಮೀಮಾಂಸಕರ ವೇದವು ಅಪೌರುಷೇಯ, ಆದುದರಿಂದ ನಿರ್ದುಷ್ಟ. ಈ ಕಡತಕ್ಕಾದರೋ ಕರ್ತೃವುಂಟು, ಅವನಿಗೆ ಪ್ರಮಾದವುಂಟು. ಏಳುತ್ತಲೇ ಬೀಳುವ ಇಮೇಜೊಂದನ್ನು ಅವನು ಹೆಸರಿಸಿಟ್ಟರೂ ಯಂತ್ರವು ಪ್ರಶ್ನಿಸದು. ಮೊದಲು 10 ಸೆಕೆಂಡು, ಬಳಿಕ 20, ಬಳಿಕ 40, ಹೀಗೆ 5 ನಿಮಿಷದವರೆಗೂ ಅಂತರವನ್ನು ಹೆಚ್ಚಿಸಿಕೊಳ್ಳುತ್ತ, ಬರೆದವನು ಬಂದು ತಿದ್ದುವ ತನಕ ಅದನ್ನು ಎಬ್ಬಿಸುತ್ತಲೇ ಇರುತ್ತದೆ.