ಬದಲಿ ಇಳಿಸುವ ಧರ್ಮ

ಸ್ಟ್ರಾಟ್-ಒ-ಮ್ಯಾಟಿಕ್ ಎಂಬ ಬೇಸ್‌ಬಾಲ್ ಆಟದಲ್ಲಿ ಪ್ರತಿ ಆಟಗಾರನೂ ಒಂದು ಕಾರ್ಡು. ಫೀಲ್ಡಿಂಗಿಗೆ 1ರಿಂದ 5ರವರೆಗೆ ಅಂಕ. 1 ಎಂದರೆ ಶ್ರೇಷ್ಠ. ಮುನ್ನಡೆಯಲ್ಲಿದ್ದರೆ ಕೊನೆಗೆ ನಾನು ಬ್ಯಾಟಿನ ಬಲಶಾಲಿಯನ್ನು ತೆಗೆದು ಒಳ್ಳೆಯ ಫೀಲ್ಡರನ್ನು ಇಳಿಸುತ್ತೇನೆ. ಹೊರಹೋದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಕಾರ್ಡಿಗೇನೂ ನೋವಿಲ್ಲ.

1986ರ ವಿಶ್ವ ಸರಣಿಯ ಆರನೇ ಪಂದ್ಯದಲ್ಲಿ ಬಾಸ್ಟನ್ ಮ್ಯಾನೇಜರ್ ಜಾನ್ ಮ್ಯಾಕ್‌ನಮಾರಾ ಹಾಗೆ ಮಾಡಲಿಲ್ಲ. ಕಾಲುನೋವಿನ ಬಿಲ್ ಬಕ್ನರ್ ಹತ್ತನೇ ಇನ್ನಿಂಗ್ಸಿನಲ್ಲೂ ಉಳಿದ. ಚೆಂಡು ಅವನ ಕಾಲುಗಳ ನಡುವೆ ನುಸುಳಿತು. ಮೆಟ್ಸ್ 6-5ರಿಂದ ಗೆದ್ದಿತು. ಸ್ಕೋರು ಆಗಲೇ ಸಮವಾಗಿತ್ತು, ಏಳನೇ ಪಂದ್ಯವೂ ಬಾಕಿಯಿತ್ತು. ಆದರೂ ವರ್ಷಗಟ್ಟಲೆ ಬೈಗುಳ ತಿಂದವನು ಬಕ್ನರ್.

ದುಡಿದವನನ್ನು ಗೆಲುವಿನ ಹೊಸ್ತಿಲಲ್ಲಿ ಬೆಂಚಿಗೆ ಕಳಿಸುವುದು ಕೃತಘ್ನತೆ ಎಂದುಕೊಂಡಿದ್ದೆ. ಹೊರಲಾಗದ ಭಾರವನ್ನು ಗೌರವದ ಹೆಸರಿನಲ್ಲಿ ಹೊರಿಸುವುದೂ ಕರುಣೆಯಲ್ಲ ಎಂದು ಈಗ ಅನಿಸುತ್ತದೆ. ಆದರೆ ಹೀಗನ್ನುವ ನನಗೆ ಫಲಿತಾಂಶ ಗೊತ್ತು, ಮ್ಯಾಕ್‌ನಮಾರಾಗೆ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಬಕ್ನರ್‌ನ ಕಾರ್ಡು ಎತ್ತುವಾಗ ಕೈ ತಡೆಯಿತು. ಎತ್ತಿದೆ.