ಬಾಗಿದ ಬೆನ್ನೆಲುಬು ಮತ್ತು ಪ್ರಸಾದಕಾಯ

ಶಿವಶರಣರು ಕಾಯವನ್ನು ಹಳಿದವರಲ್ಲ. ಪಾಂಚಭೌತಿಕವಾದ ಈ ದೇಹವು ಗುರುಕರುಣೆಯಿಂದ ಲಿಂಗಸಂಬಂಧವನ್ನು ಪಡೆದು ಪ್ರಸಾದಕಾಯವೆನಿಸುವುದೆಂಬುದು ವೀರಶೈವ ಸಿದ್ಧಾಂತದ ತಿರುಳು. ದೇಹವನ್ನು ದೇವಾಲಯವಾಗಿ ಕಂಡ ಬಸವಣ್ಣನವರ ದೃಷ್ಟಿಯು ನಮ್ಮ ಮನೆಗಳ ಮಕ್ಕಳಿಗೂ ಪರಿಚಿತವಾದುದೇ. ಆದರೆ ಆ ದೇವಾಲಯದ ಕಂಬವೇ ವಾಲಿದಾಗ ಭಕ್ತನು ಮಾಡತಕ್ಕದ್ದೇನು? ಕುಶಲಿಯಾದ ಶಿಲ್ಪಿಯನ್ನು ಕರೆಯಿಸಿ ಅದನ್ನು ನೆಟ್ಟಗೆ ನಿಲ್ಲಿಸಬೇಕೋ, ವಾಲಿದ ಕಂಬದ ಬಳಿಯಲ್ಲಿಯೇ ಪೂಜೆಯನ್ನು ಸಾಗಿಸಬೇಕೋ? ಬೆನ್ನೆಲುಬು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ವ್ಯಾಧಿಗೆ ತುತ್ತಾದ ವಯಸ್ಕರಿಗೆ ಈ ಪ್ರಶ್ನೆಯು ಒಮ್ಮೆಯಾದರೂ ಎದುರಾಗುತ್ತದೆ.

ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಕ್ಷ-ಕಿರಣದ ಚಿತ್ರದಲ್ಲಿ ವಕ್ರತೆಯು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಈ ಹೆಸರು ಸಲ್ಲುತ್ತದೆ. ಕೆಲವರಲ್ಲಿ ಇದು ಹರೆಯದಲ್ಲಿ ತಲೆದೋರಿ ಜೀವಮಾನವೆಲ್ಲ ಉಳಿಯುವುದು. ಕೆಲವರಲ್ಲಿ 50 ವರ್ಷ ದಾಟಿದ ತರುವಾಯ ಕಶೇರುಕಗಳ ನಡುವಣ ಮೆತ್ತೆಗಳೂ ಕೀಲುಗಳೂ ಸವೆದು ಹೊಸದಾಗಿ ಹುಟ್ಟುವುದು. ಕಶೇರುಕಗಳಿಗೆ ತಿರುಪುಮೊಳೆಗಳನ್ನು ಬಿಗಿದು, ಲೋಹದ ಸಲಾಕೆಗಳನ್ನು ಜೋಡಿಸಿ, ಎಲುಬಿನ ಚೂರುಗಳನ್ನು ಹಾಸಿ, ಹಲವು ಕಶೇರುಕಗಳು ಒಂದೇ ಎಲುಬಾಗಿ ಬೆಸೆದುಕೊಳ್ಳುವಂತೆ ಮಾಡುವುದೇ ಇದರ ಶಸ್ತ್ರಚಿಕಿತ್ಸೆ. ನ್ಯೂಯಾರ್ಕಿನ ಹಿಬ್ಸ್ ಎಂಬ ವೈದ್ಯರು 1911ರಲ್ಲಿ ತೊಡಗಿದ ಬೆಸುಗೆಯ ಕ್ರಮಕ್ಕೆ ಟೆಕ್ಸಾಸಿನ ಹ್ಯಾರಿಂಗ್ಟನ್ ಅವರು 1962ರಲ್ಲಿ ಪ್ರಕಟಿಸಿದ ಸಲಾಕೆಯ ಕ್ರಮವು ಕೂಡಿಕೊಂಡು, ಇಂದಿನ ವಿಧಾನಕ್ಕೆ ದಾರಿಯಾಯಿತು.

62 ವರ್ಷದ ಓರ್ವ ಗೃಹಿಣಿಯನ್ನು ಇಲ್ಲಿ ನೆನೆಯಬಹುದು. ಮಠದ ದಾಸೋಹಕ್ಕೆ ಬಹುಕಾಲ ರೊಟ್ಟಿ ಬಡಿದ ಕೈ ಅವರದು. ಸೊಂಟದೆಡೆಯ ಬೆನ್ನೆಲುಬು ಬಲಕ್ಕೆ ಬಾಗಿ, ನರಗಳ ದಾರಿಯು ಇಕ್ಕಟ್ಟಾಗಿದೆ. ಐವತ್ತು ಹೆಜ್ಜೆ ನಡೆದರೆ ಕಾಲುಗಳು ಜೋಮು ಹಿಡಿಯುತ್ತವೆ. ಕುಳಿತರೆ ಕಾಲಿಗೆ ಉಪಶಮನವಾದರೂ ಮೈ ಒಂದು ಕಡೆಗೆ ವಾಲುತ್ತದೆ. ಎಡಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಕುಳಿತಾಗ ಬಲಗೈಯನ್ನು ನೆಲಕ್ಕೆ ಊರಿಕೊಳ್ಳದೆ ಗತಿಯಿಲ್ಲ. ವಿಭೂತಿಯನ್ನು ಧರಿಸಲು, ಪತ್ರಿಯನ್ನು ಏರಿಸಲು ಇನ್ನಾವ ಕೈ ಉಳಿಯಿತು? ವ್ಯಾಯಾಮ, ಔಷಧ, ನರದ ಬಳಿಯ ಚುಚ್ಚುಮದ್ದು ಎಲ್ಲವೂ ಆಗಿ, ಈಗ ವೈದ್ಯರು ಶಸ್ತ್ರಚಿಕಿತ್ಸೆಯ ಮಾತನ್ನಾಡಿದ್ದಾರೆ.

ನೆರೆಹೊರೆಯವರು ಪ್ರಾರಬ್ಧವೆಂದರು, ಉಂಡೇ ತೀರಿಸಬೇಕೆಂದರು. ಲಿಂಗವಂತರ ಬಾಯಲ್ಲಿ ಈ ಮಾತು ಬರುವುದು ವಿಚಿತ್ರವಾಗಿದೆ. ದೀಕ್ಷೆಯಿಂದ ಪೂರ್ವಾಶ್ರಯವು ನಿರಸನವಾಯಿತೆಂದು ಒಪ್ಪಿದವರು, ನೆರೆಮನೆಯ ತಾಯಿಯ ಬೆನ್ನು ನೊಂದಾಗ ಮಾತ್ರ ಹಿಂದಣ ಜನ್ಮದ ಲೆಕ್ಕವನ್ನು ತೆಗೆಯುವುದು ನ್ಯಾಯವಲ್ಲ. ಹಿರಿಯ ಮಗನು ಶಿವನಿಚ್ಛೆಯೆಂದನು. ಆದರೆ ಅವನಿಗೆ ಜ್ವರ ಬಂದಾಗ ಗುಳಿಗೆ ನುಂಗುವುದಕ್ಕೆ ಶಿವನಿಚ್ಛೆಯು ಅಡ್ಡಬರಲಿಲ್ಲ. ಭಯಕ್ಕೂ ಖರ್ಚಿನ ಚಿಂತೆಗೂ ಭಕ್ತಿಯ ಹೆಸರನ್ನಿಡುವುದು ಸುಲಭ.

ಆ ತಾಯಿಯ ಸ್ವಂತ ಅಂಜಿಕೆ ಬೇರೊಂದು. ಅದೇ ನಿಜವಾಗಿ ವಿಚಾರಣೀಯವಾದುದು. ಈ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯನ್ನು ಪ್ರಜ್ಞೆ ತಪ್ಪಿಸಿ ಹಲವು ಗಂಟೆಗಳ ಕಾಲ ಬೋರಲಾಗಿ ಮಲಗಿಸುತ್ತಾರೆ. ಎದೆಯ ಮೇಲಣ ಕರಡಿಗೆಯು ಮೈಗೆ ಒತ್ತಿ ಹುಣ್ಣಾಗಬಹುದಾದ್ದರಿಂದಲೂ ಅಲ್ಲಿ ಲೋಹದ ವಸ್ತುಗಳು ಕೂಡದಾದ್ದರಿಂದಲೂ ಅದನ್ನು ತೆಗೆದಿರಿಸಬೇಕಾಗುತ್ತದೆ. ದೀಕ್ಷೆಯಾದಂದಿನಿಂದ ಮೈಯನ್ನು ಅಗಲದ ಲಿಂಗವನ್ನು ಹಾಗೆ ಬಿಟ್ಟು, ಎಚ್ಚರವಿಲ್ಲದ ಸ್ಥಿತಿಯಲ್ಲಿ ಪ್ರಾಣ ಹೋದರೆ ಗತಿಯೇನು? ಈ ಪ್ರಶ್ನೆಯನ್ನು ಕೇಳಿ ನಕ್ಕುಬಿಡುವ ವಿದ್ಯಾವಂತರಿದ್ದಾರೆ. ನಗುವವರಿಗೆ ಲಿಂಗಧಾರಣದ ಅರ್ಥವೂ ತಿಳಿಯದು, ಆ ತಾಯಿಯ ನಿಷ್ಠೆಯ ಬೆಲೆಯೂ ತಿಳಿಯದು. ಲಿಂಗವು ಅಂಗವನ್ನು ಅಗಲಬಾರದೆಂಬ ನಿಯಮವು ಸಡಿಲವಾದುದಲ್ಲ. ಆದರೆ ಆ ನಿಯಮವನ್ನು ವಿಧಿಸಿದ ಶಾಸ್ತ್ರವೇ ಸ್ಥೂಲತನುವಿಗೆ ಇಷ್ಟಲಿಂಗವನ್ನೂ, ಸೂಕ್ಷ್ಮತನುವಿಗೆ ಪ್ರಾಣಲಿಂಗವನ್ನೂ, ಕಾರಣತನುವಿಗೆ ಭಾವಲಿಂಗವನ್ನೂ ಹೇಳಿದೆ. ಉದಾಸೀನದಿಂದ ಲಿಂಗವನ್ನು ಮರೆಯುವುದು ಬೇರೆ, ಅದರ ಪೂಜೆಗಾಗಿಯೇ ಅಂಗವನ್ನು ಉಳಿಸಿಕೊಳ್ಳಲು ಒಂದು ಹೊತ್ತು ಲಿಂಗವಂತರ ಕೈಗೆ ಒಪ್ಪಿಸುವುದು ಬೇರೆ. ಉಸಿರಾಡುತ್ತಿರುವ ಜೀವದಲ್ಲಿ ಪ್ರಾಣಲಿಂಗವು ಇದ್ದೇ ಇದೆ. ವೈದ್ಯರ ಮದ್ದು ಬುದ್ಧಿಯನ್ನು ಮಲಗಿಸೀತು, ಅದನ್ನು ಮಲಗಿಸಲಾರದು. ಗುರುವಿನ ಅಪ್ಪಣೆಯನ್ನು ಪಡೆದು ಪತಿಯ ಅಂಗೈಯಲ್ಲಿರಿಸಿದ ಲಿಂಗವನ್ನು ವಿಯೋಗವೆನ್ನಲಾಗದು.

ಬೆನ್ನಿನೊಳಗೆ ಲೋಹವನ್ನಿರಿಸಿಕೊಂಡ ಮೈಯು ಪೂಜೆಗೆ ಸಲ್ಲುವುದೇ ಎಂಬ ಶಂಕೆಯೂ ಉಂಟು. ಇದಕ್ಕೆ ಹೆಚ್ಚು ಮಾತು ಬೇಡ. ಕಟ್ಟಿಸಿಕೊಂಡ ಹಲ್ಲಿನಿಂದ ಪ್ರಸಾದವನ್ನು ಸ್ವೀಕರಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಲೋಹಕ್ಕಿಂತಲೂ ಅದರ ಹಿಂದಣ ಅಪೇಕ್ಷೆಯನ್ನು ಪರೀಕ್ಷಿಸಬೇಕು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷನು ವಜ್ರಕಾಯವನ್ನು ಸಾಧಿಸಿ ಬೀಗುತ್ತಾನೆ. ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲೆಂದು ದನಿಗೊಡುತ್ತದೆ. ಅಲ್ಲಮಪ್ರಭುವಿನ ಮೈಯಲ್ಲಿ ಅದೇ ಕತ್ತಿಯು ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಗುತ್ತದೆ. ಕೆಡದ ಮೈ ಬೇಕೆಂಬ, ನೋಡಿದವರು ಮೆಚ್ಚುವ ಮೈ ಬೇಕೆಂಬ ಹಂಬಲದಿಂದ ಶಸ್ತ್ರಚಿಕಿತ್ಸೆಗೆ ಹೋಗುವವರು ಗೋರಕ್ಷನ ದಾರಿಯನ್ನು ಹಿಡಿದಂತೆ. 30 ವರ್ಷದ ಮಗಳ ಬೆನ್ನು ಕೊಂಚ ಬಾಗಿದೆಯೆಂದು, ನೋವಾಗಲಿ ಬಾಧೆಯಾಗಲಿ ಇಲ್ಲದಿದ್ದರೂ, ವರಾನ್ವೇಷಣೆಗಾಗಿ ನೆಟ್ಟಗಾಗಿಸಬೇಕೆನ್ನುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಹರೆಯದಲ್ಲಿ ಈ ವಕ್ರತೆಯುಂಟಾಗಿ, ಶಸ್ತ್ರಚಿಕಿತ್ಸೆಯಿಲ್ಲದೆ 50 ವರ್ಷ ಕಳೆದವರನ್ನು ಅಮೆರಿಕದ ಅಯೋವಾದಲ್ಲಿ ಪರಿಶೀಲಿಸಿದ ವರದಿಯೊಂದು 2003ರಲ್ಲಿ ಪ್ರಕಟವಾಯಿತು. ಅವರಲ್ಲಿ ಬೆನ್ನುನೋವು ಇತರರಿಗಿಂತ ಹೆಚ್ಚಾಗಿದ್ದಿತಾದರೂ ದುಡಿಮೆಯನ್ನೂ ಸಂಸಾರವನ್ನೂ ಬಹುಮಟ್ಟಿಗೆ ಎಲ್ಲರಂತೆಯೇ ನಡೆಸಿದ್ದರು. ವಕ್ರತೆಯು ವರ್ಷವರ್ಷಕ್ಕೆ ಏರುತ್ತಿದ್ದರೆ ಮಾತು ಬೇರೆ. ಅದಿಲ್ಲದೆ ಅನ್ಯರ ಕಣ್ಣಿಗಾಗಿ ಮಗಳ ಬೆನ್ನನ್ನು ಸೀಳಿಸುವುದು ಸಲ್ಲದು.

ನಡೆಯಲಾರದೆ, ಕಾಯಕವು ನಿಂತು, ಪೂಜೆಗೆ ಕೈಯಿಲ್ಲದಂತಾದವರ ವಿಷಯ ಹಾಗಲ್ಲ. ಹಾಗೆಂದು ಅಪಾಯವನ್ನು ಮರೆಮಾಡಲಾಗದು. ರಕ್ತಸ್ರಾವ, ಸೋಂಕು, ನರಕ್ಕೆ ಪೆಟ್ಟು, ಸಲಾಕೆ ಮುರಿದು ಮರಳಿ ಶಸ್ತ್ರಚಿಕಿತ್ಸೆ, ಇವಾವುವೂ ಅಪರೂಪವಲ್ಲ. ವಯಸ್ಸಾದವರಲ್ಲಿ, ಎಲುಬು ಟೊಳ್ಳಾದವರಲ್ಲಿ ಇನ್ನೂ ಹೆಚ್ಚು. ಇಂಥ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿದ ಅಮೆರಿಕದ ಪರೀಕ್ಷೆಯೊಂದರ ಫಲವು 2019ರಲ್ಲಿ ಹೊರಬಂದಿತು. ಶಸ್ತ್ರಚಿಕಿತ್ಸೆ ಬೇಡವೆಂಬ ಪಾಲು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡು ವರ್ಷಗಳೊಳಗೆ ತಾವಾಗಿಯೇ ಅದನ್ನು ಕೇಳಿ ಪಡೆದರು. ನೋವುಣ್ಣುವವರ ನಿರ್ಧಾರವನ್ನು ಚೀಟಿಯೂ ಮಾಡಲಾರದು, ಮನೆಮಂದಿಯೂ ಮಾಡಲಾರರು.

ಬೆಸೆದ ಬೆನ್ನು ಬಾಗದೆಂಬುದೂ ಆ ತಾಯಿಗೆ ತಿಳಿದಿರಬೇಕು. ಬೆಸುಗೆಯು ಸೊಂಟದ ಕೆಳಗಿನವರೆಗೆ ಇಳಿದರೆ ನೆಲದ ಮೇಲೆ ಕೂರುವುದು, ಬಗ್ಗಿ ಕಸ ಗುಡಿಸುವುದು, ಜಂಗಮರ ಪಾದಕ್ಕೆರಗುವುದು ಹಿಂದಿನಂತೆ ಸಾಧ್ಯವಾಗದು. ಬೆನ್ನು ಬಾಗಿತೆಂದು ಚಿಕಿತ್ಸೆಗೆ ಹೋದವರು, ಬಾಗಿ ನಮಸ್ಕರಿಸಲಾರದೆ ಮರಳುತ್ತಾರೆ! ವೈದ್ಯರನ್ನು ಅವರು ಕೇಳಿದ ಮೊದಲ ಪ್ರಶ್ನೆಯೂ ಇದೇ. ಪೂಜೆಯನ್ನು ಎತ್ತರದ ಪೀಠದ ಮೇಲೆ ಕುಳಿತು ಮಾಡಬಹುದು, ಎರಡು ಕೈಯೂ ಬಿಡುವಾಗಿರುತ್ತವೆ, ಆದರೆ ನೆಲ ಮುಟ್ಟಿ ನಮಸ್ಕರಿಸುವ ಆಸೆಯನ್ನು ಬಿಡಬೇಕೆಂದು ವೈದ್ಯರು ಮರೆಮಾಚದೆ ಹೇಳಿದರು. ಆ ರಾತ್ರಿ ಅವರು ಬಹಳ ಹೊತ್ತು ಮಾತನಾಡಲಿಲ್ಲ. ನಿಂತೇ ಕೈಮುಗಿದರೆ ಗುರುಗಳು ಬೇಡವೆನ್ನುವರೇ ಎಂದು ಮರುದಿನ ಪತಿಯನ್ನು ಕೇಳಿದರು.

ಕೊನೆಗೆ ಉಳಿದ ಅಳುಕು ಸೇವೆಯನ್ನು ಕುರಿತದ್ದು. ಜೀವಮಾನವೆಲ್ಲ ದಾಸೋಹ ಮಾಡಿದವರಿಗೆ, ಸ್ನಾನಕ್ಕೂ ಶೌಚಕ್ಕೂ ಅನ್ಯರ ಕೈ ಹಿಡಿಯುವುದು ಶಸ್ತ್ರದ ನೋವಿಗಿಂತ ಕಠಿಣವಾಗಿ ತೋರುತ್ತದೆ. ಪೂರ್ತಿ ಚೇತರಿಸಿಕೊಳ್ಳಲು ವರ್ಷವೇ ಹಿಡಿಯಬಹುದು. ಮಾಡುವ ಭಕ್ತಿಯಲ್ಲಿ ನುಸುಳುವ ಅಹಂಕಾರವನ್ನು ಶರಣರು ಬಹುವಾಗಿ ಎಚ್ಚರಿಸಿದ್ದಾರೆ. ಮಾಡಿಸಿಕೊಳ್ಳಲು ಒಲ್ಲದ ಮನಸ್ಸಿನಲ್ಲಿಯೂ ಅದೇ ಅಹಂಕಾರವು ಅಡಗಿರಬಹುದು. ಆ ತಾಯಿಯು ಒಪ್ಪಿದ್ದಾರೆ. ಎಲುಬಿನ ಬಲವನ್ನು ಪರೀಕ್ಷಿಸಿ, ಅದು ಸಾಲದೆಂದು ವೈದ್ಯರು ಕೆಲವು ತಿಂಗಳ ಔಷಧವನ್ನು ಮೊದಲು ಕೊಟ್ಟಿದ್ದಾರೆ. ಸೊಸೆಯು ತನ್ನ ಶಾಲೆಯಲ್ಲಿ ರಜೆಗೆ ಅರ್ಜಿ ಬರೆದಿದ್ದಾಳೆ. ಶಿವನಿಚ್ಛೆಯೆಂದಿದ್ದ ಹಿರಿಯ ಮಗನು ಈಗ ತಾಯಿಯ ಮುಂದೆ ಕುಳಿತು ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಾನೆ. ಅಂಚು ಇನ್ನೂ ಸೀಳುತ್ತಿದೆ.