ಹಿಟ್ಟಿನ ಕೋಳಿ ಮತ್ತು ಮೊಬೈಲ್ ಆಟ



ಪ್ರತಿ ವರ್ಷ ಈ ಸ್ಮರಣ ಸಂಚಿಕೆಯಲ್ಲಿ ವಿದ್ವಾಂಸರು ಸಿದ್ಧಾಂತ, ಪುರಾಣ, ತೀರ್ಥಕ್ಷೇತ್ರಗಳ ಕುರಿತು ಬರೆಯುತ್ತ ಬಂದಿದ್ದಾರೆ. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ತಂದೆಯವರ ಅಡತ ಅಂಗಡಿಯ ಗಾದಿಯ ಮೇಲೆ ಕುಳಿತವನು. ಜೋಳ, ತೊಗರಿ, ಕಡಲೆಯ ವ್ಯವಹಾರದಲ್ಲಿಯೇ ಅರವತ್ತು ದಾಟಿದವನು. ಟ್ರಸ್ಟಿನ ಸದಸ್ಯನೆಂಬ ಕಾರಣಕ್ಕೆ ಸಂಪಾದಕರು ನನ್ನಿಂದಲೂ ಲೇಖನ ಕೇಳಿದರು. ನಾನು ಆರಿಸಿಕೊಂಡ ವಿಷಯ ವಿಡಿಯೋ ಗೇಮ್. ಪರ್ವದ ಸಂಚಿಕೆಯಲ್ಲಿ ಇದೆಂಥ ವಿಷಯವೆಂದು ಹಿರಿಯರು ಕೇಳಬಹುದು. ಆದರೆ ನಮ್ಮ ಮನೆತನಗಳಲ್ಲಿ ಒಂದು ಮಗು ಕನ್ನಡ ಮಾತನಾಡುತ್ತದೆ, ಇನ್ನೊಂದು ಮರಾಠಿ, ಮತ್ತೊಂದು ಇಂಗ್ಲಿಷ್. ಮೂವರೂ ಆಡುವ ಆಟ ಮಾತ್ರ ಒಂದೇ. ಹೀಗಿರುವಾಗ ಆ ಆಟದಲ್ಲಿ ಏನಿದೆಯೆಂದು ನೋಡದೆ ಮಕ್ಕಳ ಸಂಸ್ಕಾರದ ಬಗೆಗೆ ಮಾತನಾಡುವುದು, ಚೀಲ ಬಿಚ್ಚಿ ಕಾಳು ನೋಡದೆ ದರ ಕೂಗಿದಂತೆ.

ಉತ್ತಮ ಕ್ಷಮೆಯ ದಿನ ನಡೆದುದು

2020ನೆಯ ಇಸವಿಯ ದಶಲಕ್ಷಣ ಪರ್ವ. ಕೊರೊನಾ ಕಾರಣದಿಂದ ಜಿನಮಂದಿರದ ಬಾಗಿಲು ಮುಚ್ಚಿತ್ತು; ಪೂಜೆ, ಸ್ವಾಧ್ಯಾಯಗಳೆಲ್ಲ ಮನೆಯಲ್ಲಿಯೇ. ಮೊದಲನೆಯ ದಿನ, ಅಂದರೆ ಉತ್ತಮ ಕ್ಷಮೆಯ ದಿನ, ಆರತಿಗೆ ಎಲ್ಲರನ್ನೂ ಕರೆದೆ. ಹದಿಮೂರು ವರ್ಷದ ಮೊಮ್ಮಗ ಬರಲಿಲ್ಲ. ಮೂರು ಬಾರಿ ಕೂಗಿ ಒಳಗೆ ಹೋಗಿ ನೋಡಿದರೆ, ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಪಬ್‌ಜಿ ಆಡುತ್ತ, "ಹೊಡಿ, ಹೊಡಿ, ಅವನು ಗಿಡದ ಹಿಂದಿದ್ದಾನೆ" ಎನ್ನುತ್ತಿದ್ದ. ನನಗೆ ಬಂದ ಸಿಟ್ಟು ಹೇಳತೀರದು. ಮೊಬೈಲು ಕಸಿದು ಫರ್ಶಿಯ ಮೇಲೆ ಎಸೆದೆ. ಅದು ಒಡೆದುಹೋಯಿತು. ಅವನ ಶಾಲೆಯ ಆನ್‌ಲೈನ್ ಪಾಠಗಳು ನಡೆಯುತ್ತಿದ್ದುದೂ ಅದರಲ್ಲಿಯೇ.

ಹುಡುಗ ಅಳಲಿಲ್ಲ. ನನ್ನನ್ನೇ ನೋಡುತ್ತ ಕೇಳಿದ: "ಅಜ್ಜಾ, ನಾನು ಹೊಡೆದದ್ದು ಚಿತ್ರವನ್ನು, ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ನೀವು ಒಡೆದದ್ದು ನಿಜವಾದ ವಸ್ತುವನ್ನು, ಅದೂ ಸಿಟ್ಟಿನಿಂದ. ಹಿಂಸೆ ಮಾಡಿದವರು ಯಾರು?"

ನನಗೆ ಉತ್ತರ ಹೊಳೆಯಲಿಲ್ಲ. ಸೊಸೆ ಮಾತಿಲ್ಲದೆ ಚೂರುಗಳನ್ನು ಗುಡಿಸಿದಳು. ಅಂದು ಕ್ಷಮಾಧರ್ಮದ ಅರ್ಘ್ಯ ಏರಿಸುವಾಗ ನನ್ನ ಕೈ ನಡುಗಿತು.

ಪರ್ವ ಮುಗಿದ ಮರುದಿನ, ಸೆಪ್ಟೆಂಬರ್ 2ರಂದು, ಕೇಂದ್ರ ಸರಕಾರವು ಪಬ್‌ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ನಾನೇ ಗೆದ್ದೆನೆಂದು ಒಳಗೊಳಗೆ ಹಿಗ್ಗಿದೆ. ಆದರೆ ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಸುರಕ್ಷತೆ ಹಾಗೂ ಸಾರ್ವಭೌಮತ್ವ. ಹಿಂಸೆಯ ವಿಚಾರ ಅದರಲ್ಲಿರಲಿಲ್ಲ. ಮೊಮ್ಮಗನ ಪ್ರಶ್ನೆ ಉತ್ತರವಿಲ್ಲದೆ ಹಾಗೆಯೇ ಉಳಿಯಿತು. ಕ್ಷಮಾವಾಣಿಯ ದಿನ ಅವನ ಮುಂದೆ ಕೈಮುಗಿದು ಕ್ಷಮೆ ಕೇಳಿದೆ, ಹೊಸ ಮೊಬೈಲು ಕೊಡಿಸಿದೆ. ಜೊತೆಗೆ ಒಂದು ಒಪ್ಪಂದ ಮಾಡಿಕೊಂಡೆವು: ಆಡುವ ಪ್ರತಿಯೊಂದು ಆಟವನ್ನೂ ಅವನು ನನಗೆ ತೋರಿಸಬೇಕು, ನಾನು ದನಿ ಏರಿಸದೆ ಕುಳಿತು ನೋಡಬೇಕು. ಈ ಲೇಖನ ಆ ಒಪ್ಪಂದದ ಫಲ.

ಯಶೋಧರನ ಕೋಳಿ

ಜೀವವಿಲ್ಲದ ಚಿತ್ರವನ್ನು ಕೊಂದರೆ ಹಿಂಸೆಯೇ ಎಂಬ ಪ್ರಶ್ನೆ ಹೊಸದಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ತಿರುಳೇ ಅದು. ತಾಯಿ ಚಂದ್ರಮತಿ ದೇವಿಗೆ ಪ್ರಾಣಿಬಲಿ ಕೊಡೆಂದಾಗ ಯಶೋಧರ ರಾಜ ಒಪ್ಪುವುದಿಲ್ಲ. ತಾಯಿಯ ಒತ್ತಾಯ ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಕತ್ತಿ ಬಿದ್ದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿ-ಮಗ ನವಿಲು, ನಾಯಿ ಮೊದಲಾದ ತಿರ್ಯಂಚ ಜನ್ಮಗಳಲ್ಲಿ ತೊಳಲುತ್ತಾರೆ. ಸತ್ತದ್ದು ಹಿಟ್ಟು, ಕಟ್ಟಿಕೊಂಡದ್ದು ಕರ್ಮ.

ಈ ಕಥೆಯನ್ನು ಮುಂದೆ ಹಿಡಿದು ಮೊಮ್ಮಗನ ಬಾಯಿ ಮುಚ್ಚಿಸಬಹುದಿತ್ತು. ಆದರೆ ಸ್ವಾಧ್ಯಾಯದಲ್ಲಿ ಕೇಳಿದುದನ್ನು ನೆನೆದಾಗ ಅಷ್ಟು ಸುಲಭವಲ್ಲವೆನಿಸಿತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನು ಸೇರಿಸಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಬೇರನ್ನು ರಾಗದ್ವೇಷಗಳ ಹುಟ್ಟಿನಲ್ಲಿಯೇ ತೋರಿಸಿದ್ದಾರೆ. ಯಶೋಧರನಿಗೆ ಆ ಹಿಟ್ಟು ಬರಿಯ ಹಿಟ್ಟಾಗಿರಲಿಲ್ಲ. ಜೀವದ ಬದಲಿಗೆ ಇಟ್ಟ ಬಲಿಯಾಗಿತ್ತು. ಆಡುವ ಹುಡುಗನಿಗೆ ಚಿತ್ರವು ಚಿತ್ರವೆಂದೇ ಗೊತ್ತು. ನಾವಿಬ್ಬರೂ ಚದುರಂಗ ಆಡುವಾಗ ನಾನು ಅವನ ಕುದುರೆ, ಆನೆಗಳನ್ನು ಹೊಡೆಯುತ್ತೇನೆ. ಅದನ್ನು ಬೇಟೆಯೆಂದು ಯಾರೂ ಹೇಳುವುದಿಲ್ಲ. ಆದುದರಿಂದ ತೆರೆಯ ಮೇಲೆ ಏನು ಬಿತ್ತೆಂಬುದಕ್ಕಿಂತ ಆಡುವವನ ಮನಸ್ಸಿನಲ್ಲಿ ಏನು ಎದ್ದಿತೆಂಬುದನ್ನು ನೋಡಬೇಕು. ಈ ಅಳತೆಗೋಲನ್ನು ಹಿಡಿದೇ ನಾನು ಆಟಗಳನ್ನು ನೋಡತೊಡಗಿದೆ.

ಕೊಲ್ಲುವ ಆಟ

ಮೊದಲು ಪಬ್‌ಜಿಯ ಗುಣವನ್ನೇ ಹೇಳುತ್ತೇನೆ. ನಾಲ್ವರು ಒಂದು ತಂಡವಾಗಿ ಆಡಬಹುದು. ಗಾಯಗೊಂಡ ಜೊತೆಗಾರನನ್ನು ಎಬ್ಬಿಸಬೇಕು, ಮದ್ದು-ಸಾಮಗ್ರಿಗಳನ್ನು ಹಂಚಿಕೊಳ್ಳಬೇಕು. ಮನೆಯಿಂದ ಹೊರಬೀಳಲಾಗದ ಆ ದಿನಗಳಲ್ಲಿ ಸೊಲ್ಲಾಪುರದ, ಬೆಳಗಾವಿಯ ಬಂಧುಗಳ ಮಕ್ಕಳೊಡನೆ ಅವನು ಮಾತನಾಡುತ್ತಿದ್ದುದೂ ಅದರಿಂದಲೇ.

ದೋಷ ಅದರ ರಚನೆಯಲ್ಲಿಯೇ ಇದೆ. ನೂರು ಜನ ಒಂದು ದ್ವೀಪದಲ್ಲಿ ಇಳಿಯುತ್ತಾರೆ. ಸುತ್ತಲಿನ ಸುರಕ್ಷಿತ ವಲಯ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವನೇ ವಿಜಯಿ. ನಾನು ಬದುಕಬೇಕಾದರೆ ಉಳಿದವರು ಅಳಿಯಬೇಕು. ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ಕಲಿತ ನಮಗೆ ಇದು ತಲೆಕೆಳಗಾದ ಲೋಕ. ಗೆದ್ದವನಿಗೆ ತೆರೆಯ ಮೇಲೆ ಕೋಳಿಯೂಟದ ಅಭಿನಂದನೆ ಮೂಡುತ್ತದೆ! ಮೊಮ್ಮಗ ಅದರ ಅರ್ಥ ಹೇಳಿದಾಗ ಜನ್ನ ಕವಿಯ ಕೋಳಿ ಎಂಟು ನೂರು ವರ್ಷಗಳ ಆಚೆಯಿಂದ ಕೂಗಿದಂತಾಯಿತು.

2021ರ ಜುಲೈಯಲ್ಲಿ ಈ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಿಂದ ಮರಳಿತು; 2022ರಲ್ಲಿ ಮತ್ತೆ ತಡೆಯಾಗಿ 2023ರಲ್ಲಿ ಪುನಃ ಬಂದಿತು. ಹೊಸ ರೂಪದಲ್ಲಿ ರಕ್ತದ ಬಣ್ಣ ಹಸಿರು. ಕೊಂದರೆಂಬ ಪದದ ಬದಲಿಗೆ ಮುಗಿಸಿದರೆಂಬ ಪದ. ಮಕ್ಕಳ ಆಟಕ್ಕೆ ಸಮಯದ ಮಿತಿಯನ್ನೂ ಇಟ್ಟರು, ಅದು ಒಳ್ಳೆಯದೇ. ಆದರೆ ಬಣ್ಣ ಬದಲಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಚೀಲದ ಮೇಲಿನ ಮಾರ್ಕು ಬದಲಿಸಿದರೆ ಒಳಗಿನ ಕಾಳು ಬದಲಾಗುವುದಿಲ್ಲವೆಂಬುದು ಮಾರುಕಟ್ಟೆಯಲ್ಲಿ ಎಲ್ಲರಿಗೂ ಗೊತ್ತು.

ನಿಜವಾದ ಹಾನಿಯನ್ನು ನಾನು ಕಂಡದ್ದು ಬೇರೆಡೆ. ಒಂದು ಸಂಜೆ ಸೋದರತ್ತೆಯ ಮಗ ಆಟದಲ್ಲಿ ತಪ್ಪು ಮಾಡಿದನೆಂದು ಮೊಮ್ಮಗ ಅವನಿಗೆ ಬಾರದ ಮಾತು ಆಡಿದ. ಎಂಟು ದಿನ ಇಬ್ಬರಿಗೂ ಮಾತಿಲ್ಲ. ಗುಂಡು ತಗುಲಿದ್ದು ಚಿತ್ರಕ್ಕೆ. ಮಾತು ತಗುಲಿದ್ದು ಜೀವಕ್ಕೆ. ಇದನ್ನು ತೋರಿಸಿದಾಗ ಅವನೂ ಸುಮ್ಮನಾದ.

ಕೊಲ್ಲದ ಆಟ

ಹಾಗಾದರೆ ಕೊಲ್ಲದ ಆಟವೆಲ್ಲ ನಿರ್ದೋಷವೇ? ಮೊಮ್ಮಗ ನನಗಾಗಿಯೇ ಟೆಟ್ರಿಸ್ ತೋರಿಸಿದ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬವರು ರೂಪಿಸಿದ ಆಟ. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಇಳಿಯುತ್ತವೆ. ಸಂದಿಲ್ಲದಂತೆ ಸಾಲು ತುಂಬಿದರೆ ಆ ಸಾಲು ಮಾಯವಾಗುತ್ತದೆ. ಗೋದಾಮಿನಲ್ಲಿ ಚೀಲಗಳ ಥಪ್ಪಿ ಹಚ್ಚಿಸಿದ ನನಗೆ ಅದು ಕೂಡಲೇ ಕೈಗೆ ಹತ್ತಿತು. ಶತ್ರುವಿಲ್ಲ, ಆಯುಧವಿಲ್ಲ, ಭಾಷೆಯ ತೊಡಕಿಲ್ಲ, ಬುದ್ಧಿಗೆ ಚುರುಕು.

ಆದರೆ ಒಂದು ಸಂಜೆ ತಲೆ ಎತ್ತಿ ನೋಡಿದರೆ ನನ್ನ ಸಾಮಾಯಿಕದ ವೇಳೆ ಕಳೆದುಹೋಗಿತ್ತು. ನಲವತ್ತು ವರ್ಷ ಅಂಗಡಿಯ ಎಷ್ಟೇ ಗಡಿಬಿಡಿಯಲ್ಲಿಯೂ ತಪ್ಪದ ನಲವತ್ತೆಂಟು ನಿಮಿಷವನ್ನು ಒಂದು ಅಹಿಂಸಾತ್ಮಕ ಆಟ ಕಸಿದುಕೊಂಡಿತು. ಈ ಆಟಕ್ಕೆ ಗೆಲುವಿನ ಕೊನೆಯೆಂಬುದಿಲ್ಲ. ಆಡಿದಷ್ಟೂ ವೇಗ ಹೆಚ್ಚುತ್ತದೆ, ಕೊನೆಗೆ ಸೋಲಲೇಬೇಕು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ ಇದರ ಹಳೆಯ ನಿಂಟೆಂಡೊ ರೂಪವನ್ನು ಯಂತ್ರವೇ ಸ್ತಬ್ಧವಾಗುವವರೆಗೆ ಆಡಿದ. ಅಲ್ಲಿ ಆಟ ತೀರಲಿಲ್ಲ, ಯಂತ್ರ ನಿಂತಿತು. ತೃಷ್ಣೆಯ ಸ್ವರೂಪವನ್ನು ತಿಳಿಯಲು ಇದಕ್ಕಿಂತ ಸರಳ ದೃಷ್ಟಾಂತ ಬೇಕಿಲ್ಲ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾದಕ್ಕೆ ರಕ್ತದ ಅವಶ್ಯಕತೆಯಿಲ್ಲ.

ಮೈನ್‌ಕ್ರಾಫ್ಟ್ ಇನ್ನೊಂದು. 2011ರಲ್ಲಿ ಪೂರ್ಣರೂಪದಲ್ಲಿ ಬಂದ, ಸ್ವೀಡನ್ ದೇಶದ ಆಟ. ಘನಾಕಾರದ ಕಲ್ಲು-ಮಣ್ಣುಗಳಿಂದ ಏನನ್ನಾದರೂ ಕಟ್ಟಬಹುದು. ಶತ್ರುಗಳೇ ಬಾರದ ಶಾಂತ ವಿಧಾನವೂ ಇದೆ. ಗೋಧಿ ಬೆಳೆದು ರೊಟ್ಟಿ ಮಾಡಿಕೊಂಡು ಬದುಕಬಹುದು. ಪ್ರಾಣಿಗಳನ್ನು ಕೊಲ್ಲುವ ದಾರಿಯೂ ತೆರೆದಿದೆ, ಕಡ್ಡಾಯವಿಲ್ಲ. ಮೊಮ್ಮಗ ಅದರಲ್ಲಿ ಮಾನಸ್ತಂಭ ಸಹಿತ ಒಂದು ಬಸದಿ ಕಟ್ಟಿ ತೋರಿಸಿದಾಗ, ಬಾಗಿಲು ಮುಚ್ಚಿದ್ದ ನಮ್ಮ ಜಿನಮಂದಿರದ ನೆನಪಾಗಿ ಕಣ್ಣು ತೇವವಾಯಿತು.

ದಯೆಯ ಆಟ

ಆಟದ ಮೂಲಕ ಧರ್ಮ ಹೇಳುವುದು ನಮ್ಮವರಿಗೆ ಹೊಸತಲ್ಲ. ಗುಜರಾತ, ರಾಜಸ್ಥಾನದ ಜೈನರು ಪರ್ಯೂಷಣದಲ್ಲಿ ಜ್ಞಾನಬಾಜಿ ಆಡುತ್ತಿದ್ದರು. ಇಂದಿನ ಹಾವು-ಏಣಿ ಆಟ ಅದೇ ಕುಲದ್ದು; ಹಾವು ಪಾಪದ ಫಲ, ಏಣಿ ಪುಣ್ಯದ ಫಲ, ಮೇಲೆ ಮುಕ್ತಿಯ ಸ್ಥಾನ.

ಅದನ್ನು ನೆನಪಿಸಿದ ಆಟ ಅಂಡರ್‌ಟೇಲ್. 2015ರಲ್ಲಿ ಅಮೆರಿಕದ ಟೋಬಿ ಫಾಕ್ಸ್ ಎಂಬವರು ಹೆಚ್ಚಿನ ಕೆಲಸವನ್ನು ಒಬ್ಬರೇ ಮಾಡಿ ಹೊರತಂದದ್ದು. ನೆಲದಡಿಯ ಲೋಕಕ್ಕೆ ಬಿದ್ದ ಒಂದು ಮಗುವಿಗೆ ವಿಚಿತ್ರ ಜೀವಿಗಳು ಎದುರಾಗುತ್ತವೆ. ಹೊಡೆಯಬಹುದು, ಇಲ್ಲವೇ ಮಾತನಾಡಿಸಿ, ಪೆಟ್ಟು ತಪ್ಪಿಸಿಕೊಳ್ಳುತ್ತ ತಾಳ್ಮೆಯಿಂದ ಕಾದು, ದಯೆ ತೋರಿ ಬಿಟ್ಟುಬಿಡಬಹುದು. ಒಂದು ಜೀವವನ್ನೂ ಕೊಲ್ಲದೆ ಇಡೀ ಆಟ ಮುಗಿಸಬಹುದು. ಬೇರೆ ಆಟಗಳಲ್ಲಿ ಕೊಂದಷ್ಟೂ ಅನುಭವದ ಅಂಕ ಏರುತ್ತದೆ. ಇಲ್ಲಿಯೂ ಏರುತ್ತದೆ, ಆದರೆ ಅದು ಅನುಭವವಲ್ಲ, ನೀನು ಮಾಡಿದ ಹತ್ಯೆಗಳ ಲೆಕ್ಕವೆಂದು ಕೊನೆಯಲ್ಲಿ ತಿಳಿಯುತ್ತದೆ. ಒಬ್ಬರನ್ನು ಕೊಂದು, ಪಶ್ಚಾತ್ತಾಪಪಟ್ಟು, ಹಿಂದಿನ ಹಂತದಿಂದ ಮತ್ತೆ ಆಡಿ ಉಳಿಸಿದರೂ, ನೀನು ಮೊದಲು ಮಾಡಿದ್ದು ನನಗೆ ಗೊತ್ತೆಂದು ಆಟದ ಒಂದು ಪಾತ್ರ ಚುಚ್ಚುತ್ತದೆ. ಹಳೆಯ ಖಾತೆ ಪುಸ್ತಕ ಮುಚ್ಚಿ ಹೊಸದು ತೆರೆದರೂ ಬಾಕಿ ಮುಂದುವರಿಯುವಂತೆ! ಕರ್ಮಬಂಧವನ್ನು ಮೊಮ್ಮಗನಿಗೆ ತಿಳಿಸಲು ನಾನು ಹತ್ತು ವರ್ಷ ಪಟ್ಟ ಶ್ರಮವನ್ನು ಆ ಆಟ ಹತ್ತು ಗಂಟೆಗಳಲ್ಲಿ ಮಾಡಿತು.

ಆದರೂ ಇದರಲ್ಲಿ ಕೊರತೆಯಿದೆ. ಎಲ್ಲವನ್ನೂ ಕೊಂದರೆ ಏನಾದೀತೆಂಬ ಕುತೂಹಲಕ್ಕೆ ಆ ಮಾರ್ಗವೂ ಇದೆ. ಎರಡನೆಯದಾಗಿ, ದಯೆ ತೋರಿದವನಿಗೆ ಸುಂದರವಾದ ಅಂತ್ಯ ಬಹುಮಾನವಾಗಿ ದೊರೆಯುತ್ತದೆ. ಬಹುಮಾನಕ್ಕಾಗಿ ತೋರಿದ ದಯೆ ದಯೆಯೇ? ಇದನ್ನು ಮೊಮ್ಮಗನಿಗೆ ಕೇಳಿದೆ. "ಅಜ್ಜಾ, ಪುಣ್ಯಕ್ಕಾಗಿ ಕೊಟ್ಟ ದಾನ ದಾನವೇ?" ಎಂದ. ಇಬ್ಬರೂ ನಕ್ಕೆವು.

ವ್ಯಾಪಾರಿಯ ಮಾತು

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ. 2012ರಲ್ಲಿ ಬಂದ ಕ್ಯಾಂಡಿ ಕ್ರಶ್ ಮಿಠಾಯಿ ಜೋಡಿಸುವ ಮುದ್ದಾದ ಆಟ. ಐದು ಬಾರಿ ಸೋತರೆ ನಿಲ್ಲಬೇಕು. ಒಂದು ಅವಕಾಶ ಮರಳಲು ಅರ್ಧ ಗಂಟೆ ಕಾಯಬೇಕು. ಇಲ್ಲವೇ ಹಣ ಕೊಡಬೇಕು. ಕಾಯುವವನಿಗೆ ಅದೊಂದು ಸಂಯಮದ ಪಾಠ. ಕಾಯಲಾರದವನ ಚಡಪಡಿಕೆಯೇ ಅಂಗಡಿಯ ಸರಕು. ಇನ್ನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಂತೂ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ಜೂಜೇ ಸರಿ. 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಸರಕಾರದ ನಿಷೇಧ ಬೇರೆ, ಶ್ರಾವಕನ ವ್ರತ ಬೇರೆ. ನಿಷೇಧ ಹೊರಗಿನಿಂದ ಬಾಗಿಲು ಹಾಕುತ್ತದೆ, ವ್ರತವು ಒಳಗಿನಿಂದ.

ನನ್ನ ವಿನಂತಿ

ಮಕ್ಕಳ ಕೈಯಿಂದ ಮೊಬೈಲು ಕಸಿಯುವ ಮುನ್ನ ಒಂದು ಗಂಟೆ ಪಕ್ಕದಲ್ಲಿ ಕುಳಿತು ನೋಡಿರಿ. ಆಟ ಮುಗಿದೊಡನೆ ನಾಲ್ಕು ಕಷಾಯಗಳ ಹೆಸರಿನಲ್ಲಿ ನಾಲ್ಕು ಪ್ರಶ್ನೆ ಕೇಳಿರಿ: ಸಿಟ್ಟು ಬಂದಿತೇ? ನಾನೇ ಮೇಲೆಂಬ ಗರ್ವ ಹುಟ್ಟಿತೇ? ಯಾರಿಗಾದರೂ ಮುಚ್ಚಿಟ್ಟು ಆಡಿದೆಯಾ? ಇನ್ನೂ ಬೇಕು, ಇನ್ನೂ ಬೇಕೆನಿಸಿತೇ? ಉತ್ತರವನ್ನು ಮಗುವೇ ಹೇಳಲಿ. ಅದೇ ಪ್ರಶ್ನೆಗಳನ್ನು ಅಂಗಡಿ ಮುಚ್ಚಿ ಬಂದ ರಾತ್ರಿ ನಾವೂ ಕೇಳಿಕೊಳ್ಳೋಣ. ಗೋದಾಮಿನ ನುಸಿಗೆ ಔಷಧ ಇಡಿಸುವ ನಾನು, ಅದು ಉದ್ಯೋಗೀ ಹಿಂಸೆಯೆಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಮಗುವಿನ ಆಟಕ್ಕೆ ಮಾತ್ರ ತೂಕದ ಕಲ್ಲು ಬದಲಿಸುವುದು ನ್ಯಾಯವಲ್ಲ.

ಮೊಮ್ಮಗ ಈಗ ಕಾಲೇಜಿಗೆ ಹೋಗುತ್ತಾನೆ. ಅಂದು ಅವನು ಕೇಳಿದ ಪ್ರಶ್ನೆಗೆ ಇಂದು ಉತ್ತರಿಸುತ್ತೇನೆ: ಆ ದಿನ ಹಿಂಸೆ ಮಾಡಿದವನು ಹೆಚ್ಚಾಗಿ ನಾನೇ. ನಿನ್ನ ಖಾತೆಯೂ ಸೊನ್ನೆಯಲ್ಲ. ಆದರೆ ಅದನ್ನು ನೋಡಿಕೊಳ್ಳಬೇಕಾದವನು ನೀನು. ನನ್ನ ಖಾತೆಯನ್ನು ನಾನು ನೋಡಿಕೊಳ್ಳುತ್ತೇನೆ.

ಈ ಬರಹದಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಉತ್ತಮ ಕ್ಷಮೆ ಇರಲಿ. ಜೈ ಜಿನೇಂದ್ರ.